ಬ್ರೇಕರ್, ಗ್ರೈಂಡರ್ ಹಿಡಿಯುವ ಕೈಗೆ ‘ಜೋಮು’: ಅಪಾಯ ಅಳೆಯುವುದು ಹೇಗೆ?

ಗದಗ: ರಸ್ತೆ ಒಡೆಯುವ ಬ್ರೇಕರ್, ಗ್ರಾನೈಟ್ ಕಟರ್, ವೆಲ್ಡಿಂಗ್ ಶಾಪಿನ ಗ್ರೈಂಡರ್, ಹೊಲದ ಪವರ್ ಟಿಲ್ಲರ್. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಇವುಗಳನ್ನು ಹಿಡಿದೇ ಪಗಾರ ದುಡಿಯುವವರಿದ್ದಾರೆ. ಸಂಜೆ ‘ಕೈ ಜೋಮು ಹಿಡದೈತಿ, ಮುಂಜಾನಿಗೆ ಸರಿ ಆಕ್ಕೈತಿ’ ಎಂದು ಸುಮ್ಮನಾಗುವುದು ರೂಢಿ. ದಿನಾಲೂ ಹೀಗಾದರೆ ಅದು ಬರೀ ದಣಿವಲ್ಲ, ಕೈ-ತೋಳಿನ ಕಂಪನ ಕಾಯಿಲೆಯ ಮೊದಲ ಸೂಚನೆ ಇರಬಹುದು.

ಏನಾಗುತ್ತದೆ?
ವರ್ಷಗಟ್ಟಲೆ ಕಂಪನ ತಾಗಿದರೆ ಬೆರಳಿನ ಸಣ್ಣ ರಕ್ತನಾಳ, ನರ ಹಾಳಾಗುತ್ತವೆ. ಬೆರಳು ಜುಮ್ಮೆನ್ನುತ್ತದೆ, ಚಳಿಯಲ್ಲಿ ಬಿಳಿಚುತ್ತದೆ, ಹಿಡಿತ ಸಡಿಲವಾಗುತ್ತದೆ, ಅಂಗಿ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ಕಪ್ಪು ಮೈಬಣ್ಣದವರಲ್ಲಿ ಬಿಳಿಚುವುದು ಬೇಗ ಕಾಣದು. ಉಗುರಿನ ಬುಡ ನೋಡಬೇಕು. ಅಮೆರಿಕದ ಇಂಡಿಯಾನಾದ ಕಲ್ಲುಕುಟಿಗರಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಈ ‘ಸತ್ತ ಬೆರಳು’ಗಳನ್ನು 1918ರಲ್ಲೇ ಪರೀಕ್ಷಿಸಿದ್ದರು. ನರಕ್ಕಾದ ಹಾನಿ ಮುಂದುವರಿದ ಮೇಲೆ ಪೂರ್ತಿ ವಾಸಿಯಾಗುವುದು ಕಷ್ಟ.

ಲೆಕ್ಕ ಹೀಗೆ
ಎರಡು ಸಂಗತಿ ಬೇಕು: ಯಂತ್ರದ ಕಂಪನ ಎಷ್ಟು, ಅದು ಕೈಯಲ್ಲಿ ಓಡಿದ ಸಮಯ ಎಷ್ಟು. ಚಹಾ, ಊಟ, ಸಾಮಾನು ಹೊರುವ ಹೊತ್ತು ಲೆಕ್ಕಕ್ಕಿಲ್ಲ. ಕಂಪನವನ್ನು ಮೀಟರ್ ಪ್ರತಿ ಸೆಕೆಂಡ್ ವರ್ಗದಲ್ಲಿ ಅಳೆಯುತ್ತಾರೆ; ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಈ ಅಂಕಿ ಇರುತ್ತದೆ. ಯುರೋಪ್ ಒಕ್ಕೂಟದ 2002ರ ನಿಯಮದಂತೆ 8 ತಾಸಿನ ಸರಾಸರಿ 2.5 ದಾಟಿದರೆ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು.

ಸುಲಭ ಸೂತ್ರ: ಅಂಕಿಯನ್ನು ಅದರಿಂದಲೇ ಗುಣಿಸಿ, 2ರಿಂದ ಗುಣಿಸಿದರೆ ಒಂದು ತಾಸಿನ ಪಾಯಿಂಟ್. ದಿನಕ್ಕೆ 100 ಎಚ್ಚರಿಕೆ ಮಟ್ಟ, 400 ಗರಿಷ್ಠ.

* ಗ್ರೈಂಡರ್ ಕಂಪನ 5 ಇದ್ದರೆ: ತಾಸಿಗೆ 50. ಎರಡು ತಾಸಿಗೆ ಎಚ್ಚರಿಕೆ, 8 ತಾಸಿಗೆ ಗರಿಷ್ಠ.
* ಬ್ರೇಕರ್ ಕಂಪನ 10 ಇದ್ದರೆ: ತಾಸಿಗೆ 200. ಅರ್ಧ ತಾಸಿಗೇ ಎಚ್ಚರಿಕೆ, ಎರಡು ತಾಸಿಗೆ ಗರಿಷ್ಠ.

ಒಂದೇ ದಿನ ಎರಡು ಯಂತ್ರ ಹಿಡಿದರೆ ಪಾಯಿಂಟ್ ಕೂಡಿಸಬೇಕು. ಸವೆದ ಬ್ಲೇಡ್, ಮೊಂಡಾದ ಉಳಿ ಇದ್ದರೆ ನಿಜವಾದ ಕಂಪನ ಪುಸ್ತಿಕೆಯ ಅಂಕಿಗಿಂತ ಹೆಚ್ಚು.

ಏನು ಮಾಡಬೇಕು?
* ಒಬ್ಬನೇ ದಿನವಿಡೀ ಬ್ರೇಕರ್ ಹಿಡಿಯದೆ ಪಾಳಿ ಹಚ್ಚಿಕೊಳ್ಳಿ.
* ಬ್ಲೇಡ್, ಉಳಿ ಸಮಯಕ್ಕೆ ಬದಲಿಸಿ. ಯಂತ್ರದ ಭಾರಕ್ಕೆ ಕೆಲಸ ಬಿಡಿ, ಬಿಗಿಹಿಡಿದು ಒತ್ತಬೇಡಿ.
* ಸಾದಾ ಗ್ಲೌಸ್ ಕಂಪನ ತಡೆಯದು. ಆದರೆ ಚಳಿಗಾಲದ ಮುಂಜಾನೆ ಕೈ ಬೆಚ್ಚಗಿಡುತ್ತದೆ.
* ಬೀಡಿ, ಗುಟ್ಕಾ ಬಿಡಿ. ನಿಕೋಟಿನ್ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತದೆ.

ಜೋಮು ಪದೇ ಪದೇ ಬಂದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಇಲ್ಲವೇ ಗದಗಿನ ಜಿಮ್ಸ್‌ಗೆ ತೋರಿಸಿ. ಸಕ್ಕರೆ ಕಾಯಿಲೆಯಲ್ಲೂ ಕೈ ಜುಮ್ಮೆನ್ನುವುದುಂಟು. ಹಾಗಾಗಿ ಯಾವ ಯಂತ್ರ, ದಿನಕ್ಕೆ ಎಷ್ಟು ತಾಸು, ಎಷ್ಟು ವರ್ಷ ಎಂಬುದನ್ನು ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.