ಗಾಜಿನ ನೂಲು, ಉಸ್ತಾದರ ಸಾಂಚಾ

ಜೇವರ್ಗಿಯ ಓಣಿಯೊಂದರ ಮನೆಯಂಗಳ. ಬೇವಿನ ನೆರಳಲ್ಲಿ, ಇಟ್ಟಿಗೆಗಳ ಮೇಲೆ, ಹಳೆಯ ಕಾರೊಂದರ ಮುಂದಿನ ಬಂಪರ್ ಮಲಗಿತ್ತು. ಅಪಘಾತದಲ್ಲಿ ಮುರಿದದ್ದು. ಆ ಮಾದರಿಯ ಕಾರು ತಯಾರಾಗುವುದು ನಿಂತು ವರ್ಷಗಳಾಗಿದ್ದವು. ಕಲಬುರಗಿ, ಸೊಲ್ಲಾಪುರ, ಹೈದರಾಬಾದು ಸುತ್ತಿದರೂ ಬಿಡಿಭಾಗ ಸಿಗದೆ ಅದರ ಮಾಲೀಕ ಕೊನೆಗೆ ಈ ಅಂಗಳಕ್ಕೆ ಬಂದಿದ್ದ. ಅರವತ್ತು ದಾಟಿದ ಉಸ್ತಾದರು ಮುರಿದ ಚೂರುಗಳನ್ನು ಜೋಡಿಸಿ, ಇಲ್ಲದ ಮೂಲೆಯನ್ನು ಥರ್ಮಾಕೋಲಿನಿಂದ ಕೆತ್ತಿ, ಮೇಲೆ ಪುಟ್ಟಿ ಹಚ್ಚಿ ಮರಳು ಕಾಗದದಿಂದ ಉಜ್ಜುತ್ತಿದ್ದರು.

"ಇದು ಎಷ್ಟು ದಿನದ ಕೆಲಸ ಚಾಚಾ?" ಎಂದೆ.

"ಉಜ್ಜೂದು ಮೂರು ದಿನ, ಮಾಲ್ ಹಾಕೂದು ಒಂದು ತಾಸು. ಸಾಂಚಾ ಚೊಲೊ ಇತ್ತಂದ್ರ ಮಾಲ್ ಚೊಲೊ ಬರ್ತದ ಬೇಟಾ" ಎಂದರು, ತಲೆಯೆತ್ತದೆ.

ಸಾಂಚಾ ಎಂದರೆ ಅಚ್ಚು. ಉರ್ದುವಿನ ಈ ಪದ ಆಳಂದ, ಅಫಜಲಪುರ, ಜೇವರ್ಗಿಯ ಗ್ಯಾರೇಜುಗಳಲ್ಲಿ ಕನ್ನಡದ್ದೇ ಆಗಿಬಿಟ್ಟಿದೆ. ಅಂದು ಅಲ್ಲಿ ಕೂತಾಗ ನನ್ನನ್ನು ಕಾಡಿದ ಪ್ರಶ್ನೆ ಇದು: ನಮ್ಮ ಭಾಗದ ಚರಿತ್ರೆ ಎಂದಾಗ ಬಹಮನಿ ಸುಲ್ತಾನರು, ಕೋಟೆ, ಗುಂಬಜುಗಳು ನೆನಪಾಗುತ್ತವೆ. ಈ ಕೈಗಳಿಗೆ ಚರಿತ್ರೆ ಇಲ್ಲವೇ?

ಫೈಬರ್ ಗ್ಲಾಸ್ ಎಂಬ ಹೆಸರು ಹೊಸದು. ಅದರೊಳಗಿನ ಬುದ್ಧಿ ಹಳೆಯದು. ಎಳೆತವನ್ನು ತಡೆಯಲು ಒಂದು ನಾರು, ಆ ನಾರನ್ನು ಕಚ್ಚಿ ಹಿಡಿಯಲು ಒಂದು ಅಂಟು. ಎರಡೂ ಬೇರೆ ಬೇರೆಯಾಗಿದ್ದರೆ ದುರ್ಬಲ, ಕೂಡಿದರೆ ಗಟ್ಟಿ. ಮಣ್ಣಿಗೆ ಹೊಟ್ಟು ಕಲಸಿ ಗೋಡೆ ಕಟ್ಟಿದ ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನೊಡನೆ ಕಲಸಿ 'ಕಿಟ್ಟ' ಮಾಡುತ್ತಾರೆ. ಅದರಿಂದಲೇ ಮರದ ಗೊಂಬೆಗಳ ಸಂದು ಮುಚ್ಚುತ್ತಾರೆ. ಕಾಶ್ಮೀರದಲ್ಲಿ ಸುಲ್ತಾನ್ ಝೈನುಲ್ ಆಬಿದೀನನ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಬೆಳೆದ ಕಾಗದದ ಕಲೆಯೂ ಇದೇ ಬಗೆಯದು: ಅಚ್ಚಿನ ಮೇಲೆ ಕಾಗದದ ಪದರ, ಅಂಟು, ಮತ್ತೆ ಪದರ. ಮೊಹರಮ್ಮಿನಲ್ಲಿ ಹಿಂದೂ ಮುಸ್ಲಿಮರು ಕೂಡಿ ಹೆಗಲು ಕೊಡುವ ನಮ್ಮ ಹಳ್ಳಿಗಳ ತಾಬೂತು ಕೂಡ ಬಿದಿರಿನ ಹಂದರದ ಮೇಲೆ ಕಾಗದ ಅಂಟಿಸಿದ ಹಗುರ ಗೋಪುರವೇ. ಆಚರಣೆಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರಬಹುದು, ಅದನ್ನು ಕಟ್ಟುವ ಕೈಯ ಜಾಣ್ಮೆಯ ಬಗ್ಗೆ ಇರಲಾರದು.

ಗಾಜನ್ನು ನೂಲಾಗಿಸುವ ಕೆಲಸವನ್ನು 1930ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ದೊಡ್ಡ ಪ್ರಮಾಣದಲ್ಲಿ ಸಾಧಿಸಿದವು. ಎರಡನೆಯ ಮಹಾಯುದ್ಧದ ವೇಳೆಗೆ ಪಾಲಿಯೆಸ್ಟರ್ ರಾಳ ಅದಕ್ಕೆ ಜೊತೆಯಾಯಿತು. 1953ರಲ್ಲಿ ಷೆವರ್ಲೆ ಕಂಪನಿ ಫೈಬರ್ ಮೈಯ ಕಾರ್ವೆಟ್ ಕಾರನ್ನು ಹೊರತಂದಿತು. ಮೊದಲ ವರ್ಷ ತಯಾರಾದದ್ದು ಕೇವಲ 300 ಕಾರುಗಳು, ಬಹುಮಟ್ಟಿಗೆ ಕೈಯಿಂದಲೇ. ಇತ್ತ ಉಕ್ಕಿನ ಬರದಲ್ಲಿದ್ದ ಪೂರ್ವ ಜರ್ಮನಿ 1957ರಿಂದ ಟ್ರಾಬಾಂಟ್ ಕಾರಿನ ಹೊರಮೈಯನ್ನು ಹತ್ತಿಯ ತ್ಯಾಜ್ಯ ಮತ್ತು ರಾಳದಿಂದ ಮಾಡಿತು. ತಲೆತಲಾಂತರ ಹತ್ತಿ ಹಿಂಜಿ ಬದುಕಿದ, ಆ ಕಸುಬು ಕೈತಪ್ಪಿದ ಮೇಲೆ ಬೇರೆ ದಾರಿ ಹುಡುಕಿದ ನಮ್ಮ ಪಿಂಜಾರ, ನದಾಫ ಮನೆತನಗಳ ಹಿರಿಯರು ಇದನ್ನು ಕೇಳಿದ್ದರೆ ನಕ್ಕಿರುತ್ತಿದ್ದರು.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ 'ಬಾದಲ್' ಎಂಬ ಮೂರು ಗಾಲಿಯ ಫೈಬರ್ ಕಾರನ್ನು ತಯಾರಿಸಿತು. ಅದೇ ಕಂಪನಿ ಸಿಪಾನಿ ಎಂದು ಹೆಸರು ಬದಲಿಸಿಕೊಂಡು 1982ರಲ್ಲಿ 'ಡಾಲ್ಫಿನ್' ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿ, ಎರಡೇ ಬಾಗಿಲು, 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಫೈಬರಿನ ಮೈ. ಹಗುರವಾಗಿದ್ದುದರಿಂದ ರ‍್ಯಾಲಿ ಓಡಿಸುವವರಿಗೆ ಅದು ಪ್ರಿಯವಾಯಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ನಾಲ್ಕು ಬಾಗಿಲಿನ, ಉಕ್ಕಿನ ಮೈಯ ಆ ಕಾರಿನ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲ ಎಂಬುದರಲ್ಲಿಯೇ ಈ ಕಸುಬಿನ ಗುಟ್ಟಿದೆ. ಉಕ್ಕಿನ ತಗಡನ್ನು ಒತ್ತುವ ಅಚ್ಚಿಗೆ ಅಪಾರ ಹಣ ಬೇಕು. ಆದರೆ ಒಮ್ಮೆ ಆ ಅಚ್ಚು ಸಿದ್ಧವಾದರೆ ಕೆಲವೇ ಕ್ಷಣಕ್ಕೊಂದು ಬಾಗಿಲು ಹೊರಬೀಳುತ್ತದೆ. ಫೈಬರಿನ ಸಾಂಚಾ ಅಗ್ಗ, ಆದರೆ ಒಂದೊಂದು ತುಂಡೂ ಗಟ್ಟಿಯಾಗಲು ತಾಸುಗಟ್ಟಲೆ ಬೇಕು. ಲಕ್ಷ ಕಾರು ಮಾಡುವವನಿಗೆ ಉಕ್ಕು ಲಾಭ, ಒಂದೇ ಒಂದು ಬಂಪರ್ ಮಾಡುವವನಿಗೆ ಫೈಬರ್ ಲಾಭ. ದೊಡ್ಡ ಕಾರ್ಖಾನೆ ಬೇಡವೆಂದ ವಿದ್ಯೆ ಸಣ್ಣ ಊರಿನ ಅಂಗಳಕ್ಕೆ ಒಗ್ಗಿದ್ದು ಹೀಗೆ.

ಅಂಗಳದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉಜ್ಜಿ ನುಣುಪಾದ ಮಾದರಿಗೆ ಐದಾರು ಬಾರಿ ಮೇಣ ಹಚ್ಚಿ ಒರೆಸುತ್ತಾರೆ, ಇಲ್ಲದಿದ್ದರೆ ಸಾಂಚಾ ಬಿಟ್ಟುಕೊಡುವುದಿಲ್ಲ. ಮೇಲೆ ಜೆಲ್‌ಕೋಟ್ ಎಂಬ ದಪ್ಪ ಲೇಪ. ಅದು ಅಂಟಂಟಾದಾಗ ಗಾಜಿನ ನೂಲಿನ ಚಾಪೆ ಹಾಸಿ, ರಾಳ ಬಳಿದು, ಬ್ರಷ್ಷಿನಿಂದ ಕುಟ್ಟಿ ಗಾಳಿಗುಳ್ಳೆ ಹೊರಡಿಸುತ್ತಾರೆ. ಹೀಗೆ ಪದರದ ಮೇಲೆ ಪದರ. ಅದು ಗಟ್ಟಿಯಾದ ಮೇಲೆ ಬಿಡಿಸಿದರೆ ಸಾಂಚಾ. ಅದರೊಳಗೆ ಮತ್ತೆ ಮೇಣ, ಲೇಪ, ಚಾಪೆ ಹಾಕಿದರೆ ಬಂಪರ್. ಒಂದು ಕಿಲೋ ರಾಳಕ್ಕೆ ಗಟ್ಟಿ ಮಾಡುವ ದ್ರವ ಹತ್ತರಿಂದ ಇಪ್ಪತ್ತು ಗ್ರಾಂ. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ಅಷ್ಟು ಹಾಕಿದರೆ ಡಬ್ಬಿಯಲ್ಲಿಯೇ ಹೆಪ್ಪುಗಟ್ಟುತ್ತದೆ. ಅದಕ್ಕೇ ಉಸ್ತಾದರು ಬೇಸಿಗೆಯಲ್ಲಿ ಫಜ್ರ್ ನಮಾಜು ಮುಗಿಸಿ ಕೆಲಸಕ್ಕೆ ಕೂರುತ್ತಾರೆ, ಬಿಸಿಲೇರುವ ಮೊದಲು ಮುಗಿಸುತ್ತಾರೆ. ರಾಳ ಹೆಚ್ಚು ಸುರಿದರೆ ಬಿರುಸಾಗಿ ಬಿರುಕು ಬಿಡುತ್ತದೆ. ಬಲವಿರುವುದು ನೂಲಿನಲ್ಲಿ, ರಾಳ ಬರೀ ಅಂಟು.

ಈ ಕೈಗಳು ಗ್ಯಾರೇಜಿಗೆ ಬಂದದ್ದು ಹೇಗೆ? ಈ ಮೂರೂ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಆ ಸಂಸ್ಥಾನ 1932ರಲ್ಲಿಯೇ ರೈಲ್ವೆಯ ಅಂಗವಾಗಿ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಆರಂಭಿಸಿತ್ತು. ಯಂತ್ರ ಬಂದಲ್ಲಿಗೆ ಅದನ್ನು ಬಿಚ್ಚಿ ಜೋಡಿಸುವವರೂ ಬಂದರು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಸುಂದರಲಾಲ್ ಸಮಿತಿ ಗುರುತಿಸಿದ ನಾಲ್ಕರಲ್ಲಿ ಗುಲಬರ್ಗಾ ಒಂದು. ಬೀದರ, ಉಸ್ಮಾನಾಬಾದ್, ನಾಂದೇಡ್ ಉಳಿದವು. ಆಡಳಿತದ ಭಾಷೆಯ ಸ್ಥಾನದಿಂದ ಉರ್ದು ಇಳಿಯಿತು, ಅದನ್ನು ನಂಬಿದ ನೌಕರಿಗಳೂ ಹೋದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಬಾಗಿಲು ಕಿರಿದಾದ ಮನೆಗಳ ಹುಡುಗರಿಗೆ ಸರ್ಟಿಫಿಕೇಟು ಕೇಳದ ಶಾಲೆ ಒಂದೇ ಇತ್ತು, ಉಸ್ತಾದರ ಗ್ಯಾರೇಜು. 2006ರ ಸಾಚಾರ್ ಸಮಿತಿ ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯಲ್ಲಿಯೇ ಹೆಚ್ಚಿರುವುದನ್ನೂ, ವಾಹನ ಮಾರಾಟ ಮತ್ತು ದುರಸ್ತಿಯಲ್ಲಿ ಅವರ ಪಾಲು ದೊಡ್ಡದಿರುವುದನ್ನೂ ಅಂಕಿಗಳಲ್ಲಿ ತೋರಿಸಿತು. ನಮ್ಮ ಓಣಿಗಳಿಗೆ ಅದು ಸುದ್ದಿಯಾಗಿರಲಿಲ್ಲ.

ಹಾಗೆಂದು ಈ ಬಡತನದ ವಿದ್ಯೆಯನ್ನು ಹೊಗಳಿ ಕೈತೊಳೆದುಕೊಳ್ಳುವುದು ಅನ್ಯಾಯ. ರಾಳದ ಘಾಟು ತಲೆ ಸುತ್ತಿಸುತ್ತದೆ, ಗಾಜಿನ ಧೂಳು ಚರ್ಮವನ್ನು ತುರಿಸುತ್ತದೆ, ಗಂಟಲನ್ನು ಕೆರೆಯುತ್ತದೆ. ಗಟ್ಟಿ ಮಾಡುವ ದ್ರವದ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅದನ್ನೂ ಕೋಬಾಲ್ಟ್ ದ್ರವವನ್ನೂ ರಾಳವಿಲ್ಲದೆ ನೇರ ಕೂಡಿಸಿದರೆ ಸ್ಫೋಟವಾದೀತು. ಅಂದು ಶಾಗಿರ್ದ ಹುಡುಗನ ಮುಖಕ್ಕೆ ಕಟ್ಟಿದ್ದು ಒಂದು ಕರವಸ್ತ್ರ ಮಾತ್ರ, ಕೈಗವಸು ಇರಲಿಲ್ಲ. ಮನೆಯಂಗಳವೇ ಕಾರ್ಖಾನೆಯಾದಾಗ ಒಗೆದು ಹಾಕಿದ ಬಟ್ಟೆಗೂ ಮಕ್ಕಳ ಹಾಸಿಗೆಗೂ ಆ ಧೂಳು ಹತ್ತುತ್ತದೆ. ಇದನ್ನು ನಾನು ಹೇಳಿದಾಗ ಉಸ್ತಾದರು ಮೊದಲ ಬಾರಿ ತಲೆಯೆತ್ತಿ, "ನನ್ನ ಉಸ್ತಾದರೂ ಕಟ್ಟಿರಲಿಲ್ಲ. ಕೊನೀಗೆ ಕೆಮ್ಮಿ ಕೆಮ್ಮಿ ಹೋದರು" ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ಎತ್ತಿ ಹಿಡಿಯಿತು. ಮುರಿದದ್ದನ್ನು ಇದ್ದ ಹಾಗೆ ಮಾಡಿಕೊಡುವುದು ಬೇರೆ, ವಾಹನದ ಸ್ವರೂಪವನ್ನೇ ಬದಲಿಸುವುದು ಬೇರೆ. ಆ ಗೆರೆ ಎಲ್ಲಿದೆ ಎಂದು ಅಂಗಳದ ಉಸ್ತಾದರಿಗೆ ತಿಳಿಸಿ ಹೇಳಿದವರು ಯಾರೂ ಇಲ್ಲ.

2023ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿಗಳಿಗಾಗಿ ವಿಶ್ವಕರ್ಮ ಯೋಜನೆ ತಂದಿತು. ಅದು ಪಟ್ಟಿ ಮಾಡಿದ ಹದಿನೆಂಟು ಕಸುಬುಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಗೊಂಬೆ ಮಾಡುವವರು, ದೋಣಿ ಕಟ್ಟುವವರು ಎಲ್ಲರೂ ಇದ್ದಾರೆ. ಇರಲೇಬೇಕು. ಮೋಟಾರು ದುರಸ್ತಿಯವನು ಮಾತ್ರ ಇಲ್ಲ. ಕುಶಲಕರ್ಮಿ ಎಂದರೆ ಹಳೆಯ ಕಾಲದವನು ಎಂಬ ಎಣಿಕೆ ಇದರ ಹಿಂದಿದೆಯೇ? ತಂದೆಯಿಂದ ಮಗನಿಗೆ, ಉಸ್ತಾದರಿಂದ ಶಾಗಿರ್ದನಿಗೆ, ಪುಸ್ತಕವಿಲ್ಲದೆ ದಾಟುವುದೇ ಕಸುಬಾದರೆ ಗ್ಯಾರೇಜಿನಲ್ಲಿ ನಡೆಯುತ್ತಿರುವುದು ಮತ್ತೇನು?

ದಾವೂದ್ ಪೈಗಂಬರರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುವಾಗಿಸಿದನೆಂದು ಕುರ್‌ಆನ್ ಹೇಳುತ್ತದೆ. ಅವರು ತಮ್ಮ ಕೈದುಡಿಮೆಯನ್ನೇ ಉಣ್ಣುತ್ತಿದ್ದರೆಂದು ಹದೀಸು ಹೇಳುತ್ತದೆ. ಜುಮಾದಲ್ಲಿ ಇದನ್ನು ಕೇಳಿ ತಲೆದೂಗುವ ನಾವೇ ಮಗಳಿಗೆ ವರ ಹುಡುಕುವಾಗ "ಮೆಕ್ಯಾನಿಕ್ಕಾ?" ಎಂದು ಮೂಗು ಮುರಿಯುತ್ತೇವೆ. ಸರ್ಕಾರದ ಪಟ್ಟಿಯನ್ನು ಕೇಳುವ ಮುನ್ನ ನಮ್ಮ ಮನಸ್ಸಿನ ಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಬೇಕು.

ವಾರದ ನಂತರ ಮತ್ತೆ ಹೋದಾಗ ಬಂಪರ್ ಕಾರಿಗೆ ಕೂತಿತ್ತು. ಬಣ್ಣವೂ ಆಗಿತ್ತು. ಸಾಂಚಾ ಗೋಡೆಗೆ ಒರಗಿತ್ತು. ಅಂಥದೇ ಕಾರಿನವರೊಬ್ಬರು ಅಫಜಲಪುರದಿಂದ ವಿಚಾರಿಸಿ ಹೋಗಿದ್ದರಂತೆ. ಹುಡುಗನ ಕೈಯಲ್ಲಿ ಹೊಸ ರಬ್ಬರಿನ ಗವಸು ಇತ್ತು. ನಾನು ಅದನ್ನು ನೋಡಿದ್ದನ್ನು ಉಸ್ತಾದರು ನೋಡಿದರು. "ಇನ್ನ ಮುಖಕ್ಕ ಹಾಕೂದೂ ತರಬೇಕು, ಅದು ತುಟ್ಟಿ ಅದ" ಎಂದು ಮತ್ತೆ ಮರಳು ಕಾಗದ ಹಿಡಿದರು.