ಆಪರೇಷನ್‌ಗೆ ಮುಂಚಿನ ಮೂರು ವಾರ, ಆಮೇಲಿನ ಮೂರು ವಾರ

ದೊಡ್ಡಕರುಳು ಮತ್ತು ಗುದನಾಳದ ಆಪರೇಷನ್ ಎಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಜನಕ್ಕೆ ಬಹುಮಟ್ಟಿಗೆ ಬೆಂಗಳೂರಿನ ಮಾತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲಿಂದ ಹೊರಟರೂ ಹೆಚ್ಚುಕಡಿಮೆ 60ರಿಂದ 80 ಕಿ.ಮೀ. ಹೋದರೆ ಅಲ್ಲಿ 1973ರಿಂದ ನಡೆದುಬಂದಿರುವ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಿದೆ, ವಿಕ್ಟೋರಿಯಾ, ಬೌರಿಂಗ್ ಇವೆ, ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಹಾಗಾಗಿ ಈ ಚಿಕಿತ್ಸೆಯನ್ನು ಸುಧಾರಿಸುವ ಪ್ರಶ್ನೆ ಬಂದಾಗ ಮಾತು ಅಲ್ಲಿನ ಆಪರೇಷನ್ ಥಿಯೇಟರ್, ಹೊಸ ಯಂತ್ರ, ಸರ್ಜನ್ನರ ಕೈಚಳಕದ ಕಡೆಗೇ ಹೊರಳುತ್ತದೆ. ಆದರೆ ಸುಮಾರು ಇನ್ನೂರು ವರ್ಷಗಳಲ್ಲಿ ಈ ವಿದ್ಯೆ ಬೆಳೆದುಬಂದ ದಾರಿಯನ್ನು ನೋಡಿದರೆ ಬೇರೆಯದೇ ಕಾಣುತ್ತದೆ. ತೊಡಕು ತಗ್ಗಿಸುವುದರಲ್ಲಿ ಕೈಚಳಕ ಕೊಡಬಹುದಾದ ಲಾಭದ ದೊಡ್ಡ ಪಾಲು 1980ರ ದಶಕದ ಹೊತ್ತಿಗೇ ಸಿಕ್ಕಿತ್ತು. ಆಮೇಲಿನ ಲಾಭದಲ್ಲಿ ಬಹುಪಾಲು ಬಂದದ್ದು ರೋಗಿಯನ್ನು ಆಪರೇಷನ್‌ಗೆ ಹೇಗೆ ಅಣಿಗೊಳಿಸಿದರು, ಮುಗಿದ ಮೇಲೆ ಹೇಗೆ ಕಣ್ಣಿಟ್ಟು ನೋಡಿಕೊಂಡರು ಎನ್ನುವುದರಿಂದ. ಆ ಮುಂಚಿನ ವಾರಗಳನ್ನೂ ಆಮೇಲಿನ ವಾರಗಳನ್ನೂ ರೋಗಿ ಕಳೆಯುವುದು ಬೆಂಗಳೂರಿನಲ್ಲಲ್ಲ, ತನ್ನ ಊರಿನಲ್ಲಿ. ಆದ್ದರಿಂದ ಬೆಂಗಳೂರಿನ ಆಪರೇಷನ್ನಿನ ಫಲಿತಾಂಶ ಸುಧಾರಿಸಬೇಕಾದರೆ ಮೊದಲು ಕೈಹಚ್ಚಬೇಕಾದದ್ದು ತಾಲ್ಲೂಕು ಆಸ್ಪತ್ರೆಗಳಲ್ಲಿ ಎಂಬುದು ನನ್ನ ವಾದ.

ಕರುಳಿಗೆ ಹೊಲಿಗೆ ಹಾಕುವ ಯೋಚನೆ ನಮ್ಮ ನೆಲದಲ್ಲೇ ಹಳೆಯದು. ತೂತಾದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ ಕೂಡಿಸುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಆಧುನಿಕ ದಾರಿ ತೆರೆದದ್ದು 1826ರಲ್ಲಿ, ಕರುಳಿನ ಹೊರಮೈ ಹೊರಮೈಗೆ ಸೇರುವಂತೆ ಹೊಲಿದರೆ ಅದು ಬೇಗ ಅಂಟಿಕೊಳ್ಳುತ್ತದೆ ಎಂದು ಫ್ರಾನ್ಸಿನ ಲಾಂಬೇರ್ ತೋರಿಸಿದಾಗ. ಹೊಲಿಗೆಯ ಬಲವಿರುವುದು ಕರುಳಿನ ಒಳಪೊರೆಯ ಕೆಳಗಿನ ಪದರದಲ್ಲಿ ಎಂದು ಅಮೆರಿಕದ ಹಾಲ್‌ಸ್ಟೆಡ್ 1887ರಲ್ಲಿ ಕಂಡುಕೊಂಡ. ಅವನು ಮೆಚ್ಚಿ ಬಳಸಿದ್ದು ಶಿಡ್ಲಘಟ್ಟದವರಿಗೆ ಹೊಸದಲ್ಲದ ರೇಷ್ಮೆ ದಾರ. ಎರಡು ಪದರದ ಹೊಲಿಗೆಯಲ್ಲಿ ಹೊರಪದರಕ್ಕೆ ರೇಷ್ಮೆ ಹಾಕುವ ಪದ್ಧತಿ ಇಂದಿಗೂ ಬಿಟ್ಟುಹೋಗಿಲ್ಲ. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಗುದನಾಳದ ಕ್ಯಾನ್ಸರನ್ನು ಹೊಟ್ಟೆಯಿಂದಲೂ ಕೆಳಗಿನಿಂದಲೂ ಬಿಡಿಸಿ ಪೂರ್ತಿ ತೆಗೆಯುವ ವಿಧಾನ ಪ್ರಕಟಿಸಿದ. ಕ್ಯಾನ್ಸರ್ ಮರುಕಳಿಸುವುದನ್ನು ತಡೆಯುವ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆ, ಆದರೆ ಅವನ ಮೊದಲ ರೋಗಿಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಆಪರೇಷನ್ನಿನ ಹೊಡೆತಕ್ಕೇ ತೀರಿಕೊಂಡರು. ಮುಂದಿನ ದಶಕಗಳಲ್ಲಿ ರಕ್ತ ಕೊಡುವುದು, ಅರಿವಳಿಕೆ, ಆ್ಯಂಟಿಬಯಾಟಿಕ್ ಎಲ್ಲ ಬಂದು ಆ ಸಾವು ತಗ್ಗಿತು. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಬಿಲ್ ಹೀಲ್ಡ್, ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ, ಆ ಹೊದಿಕೆ ಹರಿಯದಂತೆ ಬಿಡಿಸಿ ತೆಗೆಯಬೇಕೆಂದು ಹೇಳಿದ. ಆ ಒಂದು ಶಿಸ್ತಿನಿಂದಲೇ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿ ಬರುವುದು ಅನೇಕ ಕಡೆ ಐವರಲ್ಲಿ ಒಬ್ಬರಿಗೂ ಹೆಚ್ಚು ಇದ್ದದ್ದು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆಗೆ ಇಳಿಯಿತು. ಇಂಥ ಲಾಭವನ್ನು ಯಾವ ಯಂತ್ರವೂ ಕೊಟ್ಟಿಲ್ಲ.

ಸ್ಟೇಪ್ಲರ್ ಬಂತು, 1991ರ ಹೊತ್ತಿಗೆ ಲ್ಯಾಪರೊಸ್ಕೋಪಿ ಬಂತು, ಆಮೇಲೆ ರೋಬಾಟ್ ಬಂತು. ಗಾಯ ಚಿಕ್ಕದಾಯಿತು, ನೋವು ಕಡಿಮೆಯಾಯಿತು. ಇವೆಲ್ಲ ನಿಜವಾದ ಉಪಕಾರಗಳೇ. ಆದರೆ ಈ ಆಪರೇಷನ್ನಿನಲ್ಲಿ ಎಲ್ಲರೂ ಅಂಜುವ ತೊಡಕು, ಅಂದರೆ ಕರುಳಿನ ಜೋಡಣೆ ಬಿಟ್ಟುಕೊಂಡು ಮಲ ಹೊಟ್ಟೆಯೊಳಗೆ ಸೋರುವುದು, ಇಷ್ಟೆಲ್ಲ ಆದರೂ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಮೇಲಿನ ಕರುಳಿನ ಜೋಡಣೆಗಳಲ್ಲಿ ನೂರಕ್ಕೆ ಕೆಲವು, ಗುದದ್ವಾರಕ್ಕೆ ಹತ್ತಿರದ ಜೋಡಣೆಗಳಲ್ಲಿ ನೂರಕ್ಕೆ ಹತ್ತರ ಆಸುಪಾಸು ಸೋರುತ್ತಲೇ ಇವೆ. ಹಾಗಾದರೆ ಒಳ್ಳೆಯ ಆಸ್ಪತ್ರೆಗೂ ಸಾಧಾರಣ ಆಸ್ಪತ್ರೆಗೂ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಇದಕ್ಕೆ 2009ರಲ್ಲಿ ಅಮೆರಿಕದ ಆಸ್ಪತ್ರೆಗಳ ಒಂದು ದೊಡ್ಡ ಅಧ್ಯಯನ ಕೊಟ್ಟ ಉತ್ತರ ಮನನ ಮಾಡುವಂಥದು. ಅತಿ ಹೆಚ್ಚು ಸಾವಿದ್ದ ಆಸ್ಪತ್ರೆಗಳಲ್ಲಿ ಶೇ 24.6ರಷ್ಟು ರೋಗಿಗಳಿಗೆ ತೊಡಕಾಗಿತ್ತು, ಅತಿ ಕಡಿಮೆ ಸಾವಿದ್ದಲ್ಲಿ ಶೇ 26.9ರಷ್ಟು ರೋಗಿಗಳಿಗೆ, ಹೆಚ್ಚುಕಡಿಮೆ ಒಂದೇ. ಆದರೆ ದೊಡ್ಡ ತೊಡಕಾದವರಲ್ಲಿ ಸತ್ತವರು ಮೊದಲಿನ ಕಡೆ ಶೇ 21.4, ಎರಡನೆಯ ಕಡೆ ಶೇ 12.5. ಎರಡೂ ಕಡೆ ತೊಡಕಾಗುತ್ತದೆ. ಒಂದು ಕಡೆ ಅದನ್ನು ಬೇಗ ಗುರುತಿಸಿ ಎತ್ತುತ್ತಾರೆ, ಇನ್ನೊಂದು ಕಡೆ ತಡವಾಗುತ್ತದೆ. ರಾತ್ರಿ ಪಾಳಿಯ ನರ್ಸ್ ನಾಡಿ 110 ಆದದ್ದನ್ನು ಚಾರ್ಟಿನಲ್ಲಿ ಬರೆದು ಸುಮ್ಮನಾದರೋ, ಡಾಕ್ಟರನ್ನು ಎಬ್ಬಿಸಿದರೋ ಎಂಬುದು ಇಲ್ಲಿ ಹೊಲಿಗೆಯ ದಾರಕ್ಕಿಂತ ಮುಖ್ಯವಾಗುತ್ತದೆ.

ಸೋಂಕಿನ ವಿಚಾರದಲ್ಲೂ ಇದೇ ಕಥೆ. ಆ್ಯಂಟಿಬಯಾಟಿಕ್ ಇದ್ದರಷ್ಟೇ ಸಾಲದು, ಹೊತ್ತಿಗೆ ಸರಿಯಾಗಿ ಕೊಡಬೇಕು ಎಂದು ಅಮೆರಿಕದ ಯೂಟಾದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕತ್ತರಿಸುವುದಕ್ಕೆ ಹಿಂದಿನ ಎರಡು ಗಂಟೆಯೊಳಗೆ ಇಂಜೆಕ್ಷನ್ ಪಡೆದವರಲ್ಲಿ ಗಾಯದ ಸೋಂಕು ಶೇ 0.6, ಆಪರೇಷನ್ ಆಗಿ ತಡವಾಗಿ ಪಡೆದವರಲ್ಲಿ ಶೇ 3.3. ನಮ್ಮಲ್ಲಿ ಆಮೇಲೂ ಐದು, ಏಳು ದಿನ ಇಂಜೆಕ್ಷನ್ ಎಳೆಯುವ ರೂಢಿಯಿದೆ. ಅದು ಸೋಂಕನ್ನು ತಡೆಯುವುದಿಲ್ಲ, ಮದ್ದಿಗೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತದೆ. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಪಟ್ಟಿಯನ್ನು ಓದಿ ಆಪರೇಷನ್ ಮಾಡಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು. ಕೆನಡಾದ ಒಂಟಾರಿಯೊದಲ್ಲಿ ಅದೇ ಪಟ್ಟಿಯನ್ನು ಕಡ್ಡಾಯ ಮಾಡಿದಾಗ ಅಂಥ ಇಳಿತ ಕಾಣಲಿಲ್ಲ ಎಂದು ಐದು ವರ್ಷದ ನಂತರ ಪ್ರಕಟವಾದ ಅಧ್ಯಯನ ಹೇಳಿತು. ಇದನ್ನು ಹಿಡಿದು ಪಟ್ಟಿಗೆ ಬೆಲೆಯಿಲ್ಲ ಎನ್ನುವವರಿದ್ದಾರೆ. ಮೇಲಿನಿಂದ ಬಂದ ಆದೇಶಕ್ಕಾಗಿ ಟಿಕ್ ಹಾಕುವುದಕ್ಕೂ ಥಿಯೇಟರಿನಲ್ಲಿ ಎಲ್ಲರೂ ನಿಂತು ಓದಿ ಉತ್ತರಿಸುವುದಕ್ಕೂ ಅಂತರವಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ ಎಂದು ನನಗನ್ನಿಸುತ್ತದೆ. ಭಾರತವೂ ಸೇರಿ ಏಳು ದೇಶಗಳಲ್ಲಿ 13,301 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವಂತೂ ನಮ್ಮ ತಾಲ್ಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ಬರೆಸಬೇಕಾದದ್ದು. ಹೊಟ್ಟೆ ಮುಚ್ಚುವ ಮುಂಚೆ ಇಡೀ ತಂಡ ಗ್ಲೌಸ್ ಬದಲಿಸಿ, ಬೇರೆ ಸ್ವಚ್ಛ ಉಪಕರಣಗಳನ್ನು ತೆಗೆದುಕೊಂಡದ್ದಷ್ಟೇ. ಗಾಯದ ಸೋಂಕು ಶೇ 18.9ರಿಂದ 16ಕ್ಕೆ ಇಳಿಯಿತು. ಇಂಥವೇ ಆಸ್ಪತ್ರೆಗಳಲ್ಲಿ ದುಬಾರಿ ಔಷಧಲೇಪಿತ ಹೊಲಿಗೆ ದಾರವನ್ನು ಪರೀಕ್ಷಿಸಿ, ಅದಕ್ಕೆ ಒಂದು ವರ್ಷ ಮುಂಚೆ ಪ್ರಕಟವಾದ ಪ್ರಯೋಗದಲ್ಲಿ ಲಾಭ ಕಂಡಿರಲಿಲ್ಲ.

ರೂಢಿ ಎಂಬ ಕಾರಣಕ್ಕೆ ನಡೆದುಬಂದದ್ದೂ ಈ ವಿದ್ಯೆಯಲ್ಲಿ ಬಹಳವಿದೆ. ಆಪರೇಷನ್ನಿನ ಹಿಂದಿನ ದಿನ ಭೇದಿಗೆ ಕುಡಿಸಿ ಕರುಳನ್ನು ತೊಳೆಯುವುದು ಹಲವು ದಶಕಗಳ ಕಾಲ ಪ್ರಶ್ನೆಯಿಲ್ಲದೆ ನಡೆಯಿತು. ಬರೀ ಭೇದಿಯಿಂದ ಪ್ರಯೋಜನವಿಲ್ಲ ಎಂದು ಹಲವು ಪ್ರಯೋಗಗಳು ಹೇಳಿದವು. ಬಾಯಿಯ ಮೂಲಕ ಆ್ಯಂಟಿಬಯಾಟಿಕ್ ಸೇರಿಸಿದರೆ ಲಾಭವಿದೆ ಎಂದು ಸ್ಪೇನಿನ ಪ್ರಯೋಗ, ಎರಡನ್ನೂ ಕೊಟ್ಟರೂ ಕೊಡದಿದ್ದರೂ ಒಂದೇ ಎಂದು 2019ರ ಫಿನ್ಲೆಂಡಿನ ಪ್ರಯೋಗ ಹೇಳಿದವು. ಚರ್ಚೆ ಮುಗಿದಿಲ್ಲ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ, ಪ್ರಶ್ನಿಸುವುದನ್ನೇ ಬದುಕಿನ ಕೆಲಸ ಮಾಡಿಕೊಂಡ ಎಚ್. ನರಸಿಂಹಯ್ಯನವರಿಗೆ ಈ ಬಗೆಯ ಚರ್ಚೆ ಮೆಚ್ಚುಗೆಯಾಗುತ್ತಿತ್ತು. ಡೆನ್ಮಾರ್ಕಿನ ಹೆನ್ರಿಕ್ ಕೇಲೆಟ್ 1990ರ ದಶಕದಲ್ಲಿ ಮಾಡಿದ್ದೂ ಅದೇ. ರಾತ್ರಿ ಹನ್ನೆರಡರಿಂದ ನೀರೂ ಇಲ್ಲ ಎಂಬುದೇಕೆ, ಮೂಗಿನಲ್ಲಿ ನಳಿಕೆ ಏಕೆ, ಮೂರು ದಿನ ಮಲಗಿಸುವುದೇಕೆ ಎಂದು ಒಂದೊಂದನ್ನೇ ಕೇಳಿ, ಆಧಾರವಿಲ್ಲದ್ದನ್ನು ಬಿಟ್ಟ. ಎರಡು ಗಂಟೆ ಮುಂಚಿನವರೆಗೆ ತಿಳಿಯಾದ ಪಾನೀಯ, ಮಾರ್ಫಿನ್ ಕಡಿಮೆ ಮಾಡುವಂತೆ ನೋವಿನ ಮದ್ದು, ಅದೇ ದಿನ ಎಬ್ಬಿಸಿ ನಡೆಸುವುದು, ಬೇಗ ಊಟ. ನಮ್ಮ ವಾರ್ಡುಗಳಲ್ಲಿ ಇವತ್ತಿಗೂ ಬೆಳಗಿನ ರೌಂಡ್ಸಿನ ಮೊದಲ ಪ್ರಶ್ನೆ ‘ಗ್ಯಾಸ್ ಪಾಸ್ ಆಯ್ತಾ?’ ಎಂಬುದು, ಆಗುವ ತನಕ ಡ್ರಿಪ್ಸ್ ಮಾತ್ರ. ಮರುದಿನವೇ ತೆಳ್ಳಗಿನ ರಾಗಿ ಗಂಜಿ ಕೊಟ್ಟರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕರುಳು ಇನ್ನೂ ಬೇಗ ಎಚ್ಚರಗೊಳ್ಳುತ್ತದೆ. ಆದರೆ ಕೇಲೆಟ್‌ನ ಕ್ರಮವನ್ನು ಎರಡು ಮೂರು ದಿನಕ್ಕೇ ಮನೆಗೆ ಕಳಿಸುವ ಉಪಾಯವೆಂದು ತಿಳಿದರೆ ಅಪಾಯ. ಕೋಪನ್‌ಹೇಗನ್ನಿನ ರೋಗಿಗೆ ಫೋನ್ ಮಾಡಿದರೆ ಸಿಗುವ ನೆರವು ಬಾಗೇಪಲ್ಲಿ ಕಡೆಯ ಹಳ್ಳಿಯ ರೋಗಿಗೆ ಸಿಗುವುದಿಲ್ಲ. ಕ್ರಮದ ತಿರುಳಿರುವುದು ದೇಹಕ್ಕೆ ಬೀಳುವ ಹೊಡೆತವನ್ನು ತಗ್ಗಿಸುವುದರಲ್ಲಿ; ಹಾಸಿಗೆ ಖಾಲಿ ಮಾಡುವುದು ಅದರ ಒಂದು ಫಲ ಮಾತ್ರ, ನಮಗೆ ಬೇಕಾಗಿಲ್ಲದಿದ್ದರೆ ಬಿಡಬಹುದಾದದ್ದು.

ಈಗ ಮುಂಚಿನ ವಾರಗಳಿಗೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಅದರ ಮೇಲೆ ಕರುಳಿನ ಗಡ್ಡೆಯಿಂದ ತಿಂಗಳುಗಟ್ಟಲೆ ರಕ್ತ ಸೋರಿದರೆ ರೋಗಿ ಥಿಯೇಟರಿಗೆ ಬರುವಾಗ ಹೇಗಿರುತ್ತಾರೆ ಎಂದು ಊಹಿಸಬಹುದು. ಗಂಡಸರಲ್ಲಿ ಬೀಡಿ, ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಜೋಡಣೆಗೆ ರಕ್ತ ಸಾಲದಂತೆ ಮಾಡುವ ಕಾರಣಗಳಲ್ಲಿ ಅದು ಮುಖ್ಯವಾದದ್ದು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಹಸಿವು ಕೆಟ್ಟು ಇಳಿದ ತೂಕ, ಇವೂ ಜೊತೆಗಿರುತ್ತವೆ. ನಾಲ್ಕು ವಾರ ವ್ಯಾಯಾಮ, ಪ್ರೊಟೀನ್ ಇರುವ ಆಹಾರ, ತಂಬಾಕು ಬಿಡಿಸುವುದು, ಧೈರ್ಯ ಹೇಳುವುದು ಇಷ್ಟನ್ನು ಸೇರಿಸಿ ದೊಡ್ಡಕರುಳಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೀವ್ರ ತೊಡಕು ಶೇ 29.7ರ ಬದಲು 17.1ಕ್ಕೆ ಇಳಿಯಿತು. ಕ್ಯಾನ್ಸರ್ ಇಟ್ಟುಕೊಂಡು ಮೂರು ವಾರ ಕಾಯಬೇಕೇ ಎಂಬ ಆಕ್ಷೇಪ ಸಹಜ. ಕರುಳು ಕಟ್ಟಿಕೊಂಡಿದ್ದರೆ, ರಕ್ತ ನಿಲ್ಲದಿದ್ದರೆ ಕಾಯುವಂತಿಲ್ಲ, ನಿಜ. ಆದರೆ ಉಳಿದವರಿಗೆ ಸ್ಕ್ಯಾನ್, ಬಯಾಪ್ಸಿ, ದಿನಾಂಕ ಎಂದು ಹೇಗೂ ಅಷ್ಟು ದಿನ ಹೋಗುತ್ತದೆ. ಗುದನಾಳದ ಕ್ಯಾನ್ಸರಿನಲ್ಲಿ ಮೊದಲು ರೇಡಿಯೇಷನ್ ಕೊಡುವುದರಿಂದ ತಿಂಗಳುಗಳೇ ಕೈಯಲ್ಲಿರುತ್ತವೆ. ನಾನು ಕೇಳುತ್ತಿರುವುದು ಹೊಸ ವಿಳಂಬವಲ್ಲ, ಆಗುತ್ತಿರುವ ವಿಳಂಬದ ಸದುಪಯೋಗ. ನರದ ಮೂಲಕ ಕಬ್ಬಿಣಾಂಶ ಕೊಟ್ಟರೆ ಸಾವು ಅಥವಾ ರಕ್ತ ಹಾಕುವುದು ಕಡಿಮೆಯಾಗಲಿಲ್ಲ ಎಂದು 2020ರ ಬ್ರಿಟಿಷ್ ಪ್ರಯೋಗ ತೋರಿಸಿದೆ ಎಂಬುದನ್ನೂ ಮುಚ್ಚಿಡಬಾರದು. ಒಂದೇ ಇಂಜೆಕ್ಷನ್ನಿಗೆ ಜೋತುಬಿದ್ದರೆ ಆಗದು, ಎಲ್ಲವನ್ನೂ ಕೂಡಿಸಿ ಮಾಡಿದರೆ ಆದೀತು.

ಇದಕ್ಕೂ ಹಿಂದಿನ ಹೆಜ್ಜೆಯೊಂದಿದೆ. ಮಲದಲ್ಲಿ ರಕ್ತ ಬಿದ್ದರೆ ನಮ್ಮ ಊರುಗಳಲ್ಲಿ ಅದು ಮೂಲವ್ಯಾಧಿಯೇ; ಪೈಲ್ಸ್ ಕ್ಲಿನಿಕ್ಕಿನ ಬೋರ್ಡು ಇಲ್ಲದ ಪೇಟೆಯಿಲ್ಲ. ಗುದನಾಳದ ಗಡ್ಡೆಗಳಲ್ಲಿ ಬಹಳಷ್ಟು ಗ್ಲೌಸ್ ಹಾಕಿದ ಒಂದು ಬೆರಳಿಗೆ ಸಿಗುತ್ತವೆ. ನಾಚಿಕೆಯಿಂದ ರೋಗಿ ಬೇಡವೆನ್ನುತ್ತಾರೆ, ಗಡಿಬಿಡಿಯಲ್ಲಿ ವೈದ್ಯರು ಬಿಡುತ್ತಾರೆ. ಆಮೇಲೆ ಹೊಟ್ಟೆ ಉಬ್ಬಿ, ಕರುಳು ಕಟ್ಟಿಕೊಂಡು, ನಡುರಾತ್ರಿ 108ರಲ್ಲಿ ಬಂದಾಗ ಅದೇ ಆಪರೇಷನ್ನಿನ ಅಪಾಯ ಹಲವು ಪಟ್ಟು ಏರಿರುತ್ತದೆ. ಕಡಿಮೆ ಸಂಖ್ಯೆಯಲ್ಲಿ ಮಾಡುವ ಕಡೆಗಿಂತ ಹೆಚ್ಚು ಮಾಡುವ ಕಡೆಯೇ ಗುದನಾಳದ ಆಪರೇಷನ್ ಆಗಲಿ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ಕಿದ್ವಾಯಿಯಂಥಲ್ಲೇ ಆಗಬೇಕು. ಆದರೆ ತಿರುಚಿಕೊಂಡ ಸಿಗ್ಮಾಯ್ಡ್ ಕರುಳು, ಟೈಫಾಯ್ಡ್‌ನಿಂದ ತೂತಾದ ಕರುಳು ಆಸ್ಪತ್ರೆಯನ್ನು ಆರಿಸಿಕೊಂಡು ಬರುವುದಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಗೆ ಈಗ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಂಥ ತುರ್ತಿನಲ್ಲಿ ಡ್ರಿಪ್ಸ್, ಆ್ಯಂಟಿಬಯಾಟಿಕ್ ಶುರುಮಾಡುವುದು, ಬೇಕಾದರೆ ಜೋಡಣೆಯ ಸಾಹಸಕ್ಕೆ ಹೋಗದೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದುಬಿಡುವುದು ಅಲ್ಲೇ ಆಗಬೇಕಾದ ಕೆಲಸಗಳು.

ಆಮೇಲಿನ ವಾರಗಳು ಇವೆಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಬಿದ್ದಿವೆ. ಕೆಳಗಿನ ಜೋಡಣೆಯನ್ನು ಕಾಪಾಡಲು ಕೆಲವು ತಿಂಗಳ ಮಟ್ಟಿಗೆ ಸಣ್ಣಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಹಾಕುತ್ತಾರೆ. ಆ ಜಾಗವನ್ನು ಆಪರೇಷನ್ನಿನ ಮುಂಚೆಯೇ ರೋಗಿಯನ್ನು ನಿಲ್ಲಿಸಿ, ಕೂರಿಸಿ, ಕುಕ್ಕುರುಗಾಲಲ್ಲಿ ಕೂರಿಸಿ ಗುರುತು ಹಾಕಬೇಕು. ಸೀರೆಯ ನೆರಿಗೆ, ಪಂಚೆಯ ಗಂಟು ಬೀಳುವ ಕಡೆ, ಬಗ್ಗಿದರೆ ಮಡಿಕೆಯಾಗುವ ಕಡೆ ಬಂದರೆ ಚೀಲ ಅಂಟುವುದಿಲ್ಲ, ಚರ್ಮ ಸುಟ್ಟಂತಾಗುತ್ತದೆ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವವರು, ರೀಲಿಂಗ್ ಮಾಡುವವರು ಕೆಲಸಕ್ಕೆ ಮರಳಲಾರರು. ಸಣ್ಣಕರುಳಿನ ಚೀಲದಲ್ಲಿ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹರಿಯತೊಡಗಿದರೆ ಉಪ್ಪೂ ನೀರೂ ಒಟ್ಟಿಗೆ ಹೋಗುತ್ತವೆ. ಬೇಸಿಗೆಯಲ್ಲಿ ಬಾಯಾರಿಕೆಯೆಂದು ಬರೀ ನೀರು ಕುಡಿದಷ್ಟೂ ಹರಿವು ಹೆಚ್ಚುತ್ತದೆ, ಮೂತ್ರಪಿಂಡ ಕೆಡುತ್ತದೆ. ಓಆರ್‌ಎಸ್ ಕುಡಿಯಬೇಕು, ಚೀಲದ ಅಳತೆ ಬರೆದಿಡಬೇಕು. ಇದನ್ನು ನೋಡಿಕೊಳ್ಳಲು ಸರ್ಜನ್ ಬೇಕಾಗಿಲ್ಲ, ಉಪಕೇಂದ್ರದ ಆರೋಗ್ಯಾಧಿಕಾರಿ ಸಾಕು. ಈಗಿರುವ ಸಿಬ್ಬಂದಿಗೇ ಕೆಲಸ ಹೆಚ್ಚು ಎಂಬ ಆಕ್ಷೇಪಕ್ಕೆ ನನ್ನ ಉತ್ತರವಿಷ್ಟೆ: ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ ಒಂದೇ ಸಮಯಕ್ಕೆ ಇಂಥ ರೋಗಿ ಒಬ್ಬರಿದ್ದರೆ ಹೆಚ್ಚು.

2003ರ ಯಶಸ್ವಿನಿಯಿಂದ 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದವರೆಗೆ ಆಪರೇಷನ್ನಿನ ಹಣದ ಭಾರವನ್ನು ಸರ್ಕಾರ ಬಹಳಷ್ಟು ಇಳಿಸಿದೆ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನವೂ ಸೇರಿದೆ. ಆದರೆ ಆ 15 ದಿನಕ್ಕೆ ಆಪರೇಷನ್ ಮಾಡಿದ ಆಸ್ಪತ್ರೆಯೇ ಹೊಣೆ. ಚಿಂತಾಮಣಿಯ ರೋಗಿ ಜ್ವರ ಬಂದರೆ ಬೆಂಗಳೂರಿಗೆ ಬಸ್ ಹಿಡಿಯಬೇಕು, ಇಲ್ಲವೇ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಸುಮ್ಮನಿರಬೇಕು. ಸೋರಿಕೆ ಆಸ್ಪತ್ರೆಯಲ್ಲಿದ್ದಾಗಲೇ ಹೊರಬೀಳುತ್ತದೆಂಬ ಖಾತ್ರಿಯಿಲ್ಲ, ಮನೆಗೆ ಬಂದ ಮೇಲೂ ಕಾಣಿಸಿಕೊಳ್ಳಬಹುದು. ದೇಹದೊಳಗಿನ ಉರಿಯೂತವನ್ನು ತೋರಿಸುವ ರಕ್ತದ ಸಿ.ಆರ್.ಪಿ. ಮೂರನೇ ನಾಲ್ಕನೇ ದಿನಕ್ಕೂ 150ರ ಮೇಲೇ ಇದ್ದರೆ ಅಂಥವರನ್ನು ಮನೆಗೆ ಕಳಿಸುವ ಮುಂಚೆ ಮತ್ತೊಮ್ಮೆ ಯೋಚಿಸಬೇಕು. ಇದು ಸಾಧಾರಣ ಲ್ಯಾಬಿನಲ್ಲೂ ಆಗುವ ಪರೀಕ್ಷೆ. ಬೆಂಗಳೂರಿನ ವಾರ್ಡಿನಲ್ಲಿ ಬರೆದ ಸಂಖ್ಯೆ ತಾಲ್ಲೂಕು ಆಸ್ಪತ್ರೆಯವರಿಗೆ ಗೊತ್ತಿದ್ದರೆ, ಅವರು ಮತ್ತೆ ಪರೀಕ್ಷಿಸಿ ಹೋಲಿಸಬಲ್ಲರು. ಈಗ ರೋಗಿಯ ಕೈಗೆ ಸಿಗುವ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಆಪರೇಷನ್ನಿನ ಹೆಸರು ಇರುತ್ತದೆ, ಯಾವ ಲಕ್ಷಣ ಕಂಡರೆ ಅದೇ ದಿನ ಹೊರಡಬೇಕು ಎಂಬುದು ಇರುವುದಿಲ್ಲ. ನಾಡಿ 100 ದಾಟಿದರೆ, ಜ್ವರ ಬಂದರೆ, ಹೊಟ್ಟೆನೋವು ಇಳಿಯುವ ಬದಲು ಏರಿದರೆ, ಚೀಲ ಖಾಲಿಯಾಗಿಯೇ ಉಳಿದರೆ ಅಥವಾ ತುಂಬಿ ತುಂಬಿ ಹರಿದರೆ ಯಾರಿಗೆ ಫೋನ್ ಮಾಡಬೇಕು ಎಂಬ ಐದು ಸಾಲು ಕನ್ನಡದಲ್ಲಿ ಅಚ್ಚಾಗಬೇಕು. ಮನೆಮಾತು ತೆಲುಗಾಗಿರುವ ಕುಟುಂಬಗಳು ಈ ತಾಲ್ಲೂಕುಗಳಲ್ಲಿ ಸಾಕಷ್ಟಿರುವುದರಿಂದ, ಚೀಟಿ ಕೊಡುವಾಗ ಅದನ್ನು ಅವರ ಮಾತಿನಲ್ಲೇ ಓದಿ ಹೇಳಬೇಕು, ಚೀಲ ಬದಲಿಸುವ ಹೆಂಡತಿಯನ್ನೋ ಮಗನನ್ನೋ ಎದುರಿಗೆ ಕೂರಿಸಿಕೊಂಡು.