ಫೋನ್‌ಪೇ: ಬೆಂಗಳೂರಿನಲ್ಲಿ ಹುಟ್ಟಿದ ಪಾವತಿ ಆ್ಯಪ್

ಒಬ್ಬರ ಬ್ಯಾಂಕ್ ಖಾತೆಯಿಂದ ಇನ್ನೊಬ್ಬರ ಖಾತೆಗೆ ಮೊಬೈಲ್ ಮೂಲಕ ಹಣ ಕಳುಹಿಸುವ ಫೋನ್‌ಪೇ ಸಂಸ್ಥೆಯನ್ನು 2015ರ ಡಿಸೆಂಬರ್‌ನಲ್ಲಿ ಸಮೀರ್ ನಿಗಮ್, ರಾಹುಲ್ ಚಾರಿ ಮತ್ತು ಬುರ್ಜಿನ್ ಇಂಜಿನಿಯರ್ ಬೆಂಗಳೂರಿನಲ್ಲಿ ಸ್ಥಾಪಿಸಿದರು. ಇದರ ಕಚೇರಿ ಹೊರವರ್ತುಲ ರಸ್ತೆಯ ಬೆಳ್ಳಂದೂರಿನಲ್ಲಿದೆ. ಎಚ್‌ಎಎಲ್ ಸುತ್ತ ಬೆಳೆದ ವಿಮಾನಪುರದಿಂದ ಕೆಲವೇ ಕಿಲೋಮೀಟರ್ ದೂರ. 2016ರ ಏಪ್ರಿಲ್‌ನಲ್ಲಿ ಫ್ಲಿಪ್‌ಕಾರ್ಟ್ ಇದನ್ನು ಕೊಂಡುಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಯೆಸ್ ಬ್ಯಾಂಕ್ ಜೊತೆಗೂಡಿ ಯುಪಿಐ ಸೇವೆ ಆರಂಭವಾಯಿತು. ನವೆಂಬರ್ 8ರ ನೋಟು ರದ್ದತಿಯ ನಂತರ ಇಂತಹ ಆ್ಯಪ್‌ಗಳು ಅಂಗಡಿ ಅಂಗಡಿಗೂ ತಲುಪಿದವು. 2022ರ ಡಿಸೆಂಬರ್‌ನಲ್ಲಿ ಫೋನ್‌ಪೇ ಫ್ಲಿಪ್‌ಕಾರ್ಟ್‌ನಿಂದ ಬೇರೆಯಾಯಿತು.

ಹಣ ಇರುವುದು ಎಲ್ಲಿ?

ಯುಪಿಐ ಮೂಲಕ ಕಳುಹಿಸುವ ಹಣ ಆ್ಯಪ್‌ನಲ್ಲಿ ಉಳಿಯುವುದಿಲ್ಲ. ನಿಮ್ಮ ಬ್ಯಾಂಕಿನಿಂದ ನೇರವಾಗಿ ಪಡೆಯುವವರ ಬ್ಯಾಂಕಿಗೆ ಹೋಗುತ್ತದೆ. (ವಾಲೆಟ್‌ಗೆ ತುಂಬಿಸಿದ ಹಣದ ಮಾತು ಬೇರೆ.) ಆದರೆ ಯುಪಿಐ ಜಾಲಕ್ಕೆ ಸೇರಲು ಆ್ಯಪ್‌ಗೆ ಒಂದು ಬ್ಯಾಂಕಿನ ಆಸರೆ ಬೇಕು. ನಿಮ್ಮ ಯುಪಿಐ ಐಡಿಯ ಕೊನೆಯಲ್ಲಿ ‘ವೈಬಿಎಲ್’ ಎಂದಿದ್ದರೆ ಅದು ಯೆಸ್ ಬ್ಯಾಂಕ್, ‘ಐಬಿಎಲ್’ ಎಂದರೆ ಐಸಿಐಸಿಐ, ‘ಎಎಕ್ಸ್‌ಎಲ್’ ಎಂದರೆ ಆಕ್ಸಿಸ್.

ಇದರ ಮಹತ್ವ ತಿಳಿದದ್ದು 2020ರ ಮಾರ್ಚ್ 5ರಂದು. ಅಂದು ರಿಸರ್ವ್ ಬ್ಯಾಂಕ್ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಹಣ ಹಿಂಪಡೆಯುವ ಮಿತಿಯನ್ನು 50,000 ರೂಪಾಯಿಗೆ ಇಳಿಸಿತು. ಆಗ ಫೋನ್‌ಪೇ ಆ ಒಂದೇ ಬ್ಯಾಂಕನ್ನು ನೆಚ್ಚಿಕೊಂಡಿತ್ತು. ಹೀಗಾಗಿ ಸ್ಟೇಟ್ ಬ್ಯಾಂಕಿನಲ್ಲೋ ಕೆನರಾ ಬ್ಯಾಂಕಿನಲ್ಲೋ ಖಾತೆ ಇದ್ದವರಿಗೂ ಈ ಆ್ಯಪ್‌ನಿಂದ ಹಣ ಕಳುಹಿಸಲು ಆಗಲಿಲ್ಲ. ಅವರ ಹಣಕ್ಕೇನೂ ಆಗಿರಲಿಲ್ಲ, ಮುಚ್ಚಿದ್ದು ದಾರಿ ಮಾತ್ರ. ಸುಮಾರು ಒಂದು ದಿನದಲ್ಲಿ ಐಸಿಐಸಿಐ ಬ್ಯಾಂಕಿನ ಮೂಲಕ ಸೇವೆ ಮರಳಿತು.

ವ್ಯಾಪಾರ ಮಾಡುವ ಮನೆಗಳಲ್ಲಿ ಒಂದು ದಿನ ಪಾವತಿ ನಿಂತರೂ ಸಣ್ಣ ಸಂಗತಿಯಲ್ಲ. ಇನ್ನೊಂದು ಯುಪಿಐ ಆ್ಯಪ್ ಫೋನಿನಲ್ಲಿರಲಿ, ಸ್ವಲ್ಪ ನಗದೂ ಗಲ್ಲಾಪೆಟ್ಟಿಗೆಯಲ್ಲಿರಲಿ.

ಹಿರಿಯರಿಗೆ ಹೇಳಬೇಕಾದದ್ದು

ಹಣ ಪಡೆಯಲು ಪಿನ್ ಬೇಕಿಲ್ಲ. “ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ” ಎಂದು ಯಾರಾದರೂ ಹೇಳಿದರೆ ಅದು ಮೋಸವೇ. ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೊಡಿ’ ಎಂಬ ಕೋರಿಕೆ ಕಳುಹಿಸುವ ಸೌಲಭ್ಯವನ್ನು ಈ ಕಾರಣಕ್ಕೇ 2025ರ ಅಕ್ಟೋಬರ್‌ನಿಂದ ನಿಲ್ಲಿಸಲಾಗಿದೆ. ಕ್ಯೂಆರ್ ಕೋಡ್ ಕಳುಹಿಸಿ ವಂಚಿಸುವವರು ಈಗಲೂ ಇದ್ದಾರೆ. ಹಣ ಹೋದದ್ದು ತಿಳಿದ ತಕ್ಷಣ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.